ಉದ್ದನ ಗಾಡಿಯ ಟಾಕಿ ಇಳಿಸಿದ ದಿನ

ಜಬೀನಾ ಹುಟ್ಟಿ ಬೆಳೆದದ್ದು ರಾವೂರಿನಲ್ಲಿ, ಕಲ್ಲಿನ ಗಣಿಗಳ ಮಗ್ಗುಲಲ್ಲಿ. ತಾಯಿ ಇಮಾಮ್‌ಬೀ ಗಣಿಯಲ್ಲಿ ಫರ್ಸಿ ಕಲ್ಲು ಹೊರುವವಳು. ಮದ್ದು ಹಾರಿಸುವ ಮುಂಚೆ ಗಣಿಯವರು ಸೀಟಿ ಊದುತ್ತಿದ್ದರು. ಓಣಿಯ ಮಕ್ಕಳೆಲ್ಲ ಕಲ್ಲು ಹಾರುವುದನ್ನು ನೋಡಲು ದಿಬ್ಬ ಹತ್ತಿದರೆ ಜಬೀನಾ ಮನೆಯೊಳಗೆ ಓಡಿ, ಜೋಳದ ಚೀಲಗಳ ಸಂದಿಯಲ್ಲಿ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದಳು. ಸದ್ದಾಗಿ, ಧೂಳು ಕೂತು, ತಾಯಿ ಬಂದು ಹೆಸರು ಹಿಡಿದು ಕರೆದ ಮೇಲೆಯೇ ಹೊರಗೆ ಬರುತ್ತಿದ್ದಳು. ಇದು ಹುಟ್ಟಾ ಅಂಜುಬುರುಕಿ ಎಂದು ಇಮಾಮ್‌ಬೀ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತು ಅವಳಿಗೆ ಅಂಟಿಕೊಂಡಿತು. ದೊಡ್ಡವಳಾದರೂ ಕುಕ್ಕರಿನ ಸೀಟಿಗೆ ಬೆಚ್ಚುವುದು ಬಿಡಲಿಲ್ಲ.

ಇಂಥವಳನ್ನು ವಾಡಿಯ ಲಾಲ್ ಅಹ್ಮದ್ ಮಿಸ್ತ್ರಿಗೆ ಕೊಟ್ಟರು. ಚಿತ್ತಾಪುರದ ರಸ್ತೆಗೆ ಅವನ ಗ್ಯಾರೇಜು, ಗ್ಯಾರೇಜಿನ ಬೆನ್ನಿಗೆ ಅವರ ಮನೆ. ನಡುವೆ ಒಂದೇ ಬಾಗಿಲು. ಆ ಬಾಗಿಲಾಚೆ ಪೆಟ್ರೋಲು, ಬ್ಯಾಟರಿ, ವೆಲ್ಡಿಂಗಿನ ಕಿಡಿ. ಜಬೀನಾ ಹೊಸ್ತಿಲ ಮೇಲೆ ನಿಂತು ಚಹಾದ ಕಪ್ಪು ಕೈಗೆ ಕೊಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ಮಗಳು ಫಿರ್ದೋಸ್ ಹುಟ್ಟಿ, ಬೆಳೆದು, ಸೇಡಂಗೆ ಮದುವೆಯಾಗಿ ಹೋದರೂ ತಾಯಿ ಆ ಹೊಸ್ತಿಲು ದಾಟಲಿಲ್ಲ. ಲಾಲ್ ಅಹ್ಮದ್ ಇದನ್ನು ನಗೆಯಾಡುತ್ತಿದ್ದನೇ ಹೊರತು ಎಂದೂ ಬಲವಂತ ಮಾಡಿದವನಲ್ಲ. ಅವನು ಒಳ್ಳೆಯ ಮನುಷ್ಯ, ಸ್ವಲ್ಪ ಹಮ್ಮಿನವನು. ಗಾಡಿಯ ಹತ್ತಿರ ಹೋಗಿ ಒಮ್ಮೆ ಉಸಿರೆಳೆದುಕೊಂಡರೆ ಎಲ್ಲಿ ಏನು ಸುಡುತ್ತಿದೆ, ಎಲ್ಲಿ ಏನು ಸೋರುತ್ತಿದೆ ಎಂದು ಹೇಳಬಲ್ಲೆ ಎಂಬುದು ಅವನ ದೊಡ್ಡಸ್ತಿಕೆಯಾಗಿತ್ತು.

ಕರೋನಾ ಬಂದು ಅದನ್ನೇ ಕಿತ್ತುಕೊಂಡು ಹೋಯಿತು. ಎರಡನೆಯ ಅಲೆಯಲ್ಲಿ ಇಬ್ಬರೂ ಮಲಗಿದರು, ಇಬ್ಬರೂ ಎದ್ದರು. ಜಬೀನಾಳಿಗೆ ವಾಸನೆ ತಿರುಗಿ ಬಂತು, ಲಾಲ್ ಅಹ್ಮದನಿಗೆ ಬರಲಿಲ್ಲ. ಮೊದಮೊದಲು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಅತ್ತರಿನ ಶೀಸೆ, ಬೆಳ್ಳುಳ್ಳಿ, ಕರ್ಪೂರ ಎಲ್ಲ ಮೂಗಿಗೆ ಹಿಡಿದು ನೋಡಿದ. ಆಮೇಲೆ ಆ ಮಾತನ್ನೇ ಬಿಟ್ಟ. ಯಾರಿಗೂ ಹೇಳಬೇಡ ಎಂದು ಹೆಂಡತಿಗೆ ತಾಕೀತು ಮಾಡಿದ. ಮೂಗಿಲ್ಲದ ಮಿಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ?

ಒಂದು ಮಧ್ಯಾಹ್ನ ಜಬೀನಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗ್ಯಾರೇಜಿನಿಂದ ಪೆಟ್ರೋಲಿನ ವಾಸನೆ ಗಪ್ಪನೆ ಬಂತು. ಬಾಗಿಲಿಗೆ ಬಂದು ನೋಡಿದರೆ, ಮೂಲೆಯಲ್ಲಿದ್ದ ಮೋಟಾರ್ ಸೈಕಲ್ಲಿನಿಂದ ಪೆಟ್ರೋಲು ಸಣ್ಣಗೆ ಹರಿದು ನೆಲ ತೋಯಿಸಿದೆ. ಅದಕ್ಕೆ ಬೆನ್ನು ಮಾಡಿ ಕೂತ ಗಂಡ ವೆಲ್ಡಿಂಗಿನ ಕನ್ನಡಿ ಮುಖಕ್ಕೆ ಹಿಡಿದುಕೊಂಡಿದ್ದಾನೆ. ಜಬೀನಾ ಹೊಸ್ತಿಲು ದಾಟಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಹೋಗಿ ಅವನ ತೋಳು ಹಿಡಿದು ಎಳೆದಳು. ಹಿಟ್ಟು ಮೆತ್ತಿದ ಬೆರಳುಗಳ ಗುರುತು ಅವನ ಅಂಗಿಯ ಮೇಲೆ ಮೂಡಿತು. ಇಬ್ಬರೂ ನೆಲ ನೋಡುತ್ತ ನಿಂತರು.

ಮರುದಿನದಿಂದ ಜಬೀನಾ ಬೆಳ್ಳುಳ್ಳಿಯನ್ನೋ ಅವರೆಕಾಯಿಯನ್ನೋ ಮೊರಕ್ಕೆ ಹಾಕಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ಕೂಡತೊಡಗಿದಳು. ವಾಸನೆ ಬಂದರೆ ಅವಳು ಗಂಟಲು ಸರಿಪಡಿಸಿಕೊಳ್ಳುವುದು, ಅವನು ಕೈ ನಿಲ್ಲಿಸುವುದು. ಮಿಸ್ತ್ರಿಯ ಹೆಂಡತಿಗೆ ಈಗ ಗಂಡನ ಮೇಲೆ ಕಣ್ಣು ಎಂದು ಗಿರಾಕಿಗಳು ನಕ್ಕರು. ಆಕೆಯ ಎದೆ ಮಾತ್ರ ಬೆಳಗಿನಿಂದ ಸಂಜೆಯತನಕ ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಇನ್ನೊಂದು ಕಷ್ಟವೂ ಶುರುವಾಯಿತು. ಸದಾ ವಾಸನೆಗೆ ಕಾಯುವ ಮೂಗಿಗೆ ಇಲ್ಲದ ವಾಸನೆಯೂ ಬರತೊಡಗಿತು. ಎದ್ದು ಹೋಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಲಾಲ್ ಅಹ್ಮದ್ ಬೇಸರದಿಂದ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಮತ್ತೆ ಎತ್ತಿಕೊಳ್ಳುತ್ತಿದ್ದ.

ಹೀಗಿರುವಾಗ ಶಹಾಬಾದಿನ ಸುರೇಶಕುಮಾರ ಗ್ಯಾರೇಜಿಗೆ ಬಂದರು. ಅವರ ತಂದೆ ಭಗವಂತರಾಯರ ಹಳೆಯ ಅಂಬಾಸಿಡರ್ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಎಲ್ಲರ ಮನೆಯಲ್ಲಿ ಇದ್ದಂಥ ಅಂಬಾಸಿಡರ್ ಅಲ್ಲ. ಹಿಂದೆ ಡಿಕ್ಕಿಯಿಲ್ಲದೆ ಚಾವಣಿ ಕೊನೆಯವರೆಗೂ ಉದ್ದಕ್ಕೆ ಹೋಗಿ, ಹಿಂಬಾಗಿಲು ಮೇಲಕ್ಕೆ ತೆರೆಯುವ ಗಾಡಿ. ಊರಲ್ಲಿ ಅದಕ್ಕೆ ಉದ್ದನ ಗಾಡಿ ಎಂದೇ ಹೆಸರು. ಭಗವಂತರಾಯರು ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಹಿಂದಿನ ಸೀಟು ಮಡಚಿದರೆ ಮನುಷ್ಯ ಮಲಗಬಹುದಾದಷ್ಟು ಜಾಗ ಇದ್ದುದರಿಂದ ಹಳ್ಳಿಗಳಿಂದ ಹೆರಿಗೆ ಬೇನೆ ಕಾಣಿಸಿಕೊಂಡ ಹೆಂಗಸರನ್ನು ಕಲಬುರಗಿಯ ದವಾಖಾನೆಗೆ ಅದರಲ್ಲೇ ಒಯ್ಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಗಾಡಿ ನಿಂತಲ್ಲೇ ನಿಂತಿತು. ಈಗ ಅವರ ಹೆಂಡತಿ ಭೀಮಬಾಯಿಗೆ ಒಂದು ಆಸೆ: ಬುದ್ಧಪೂರ್ಣಿಮೆಗೆ ಗಂಡನ ಗಾಡಿಯಲ್ಲಿ ಕೂತು ಸನ್ನತಿಯ ಬೌದ್ಧಸ್ತೂಪಕ್ಕೆ ಹೋಗಿ ಬರಬೇಕು. ಸೇಡಂನಲ್ಲಿ ಟೀಚರಾಗಿದ್ದ ಮೊಮ್ಮಗಳು ಪೂನಮ್, ಅಜ್ಜಿಯ ಆಸೆ ನಡೆಸೇ ತೀರಬೇಕೆಂದು ತಂದೆಯ ಬೆನ್ನು ಹತ್ತಿದ್ದಳು.

"ಇಂಜಿನ್ ತಿರಗತದ ಭಾಯಿ, ಆದ್ರ ಪೆಟ್ರೋಲ್ ಮುಂದ ಬರವಲ್ದು" ಎಂದರು ಸುರೇಶಕುಮಾರ.

"ಟಾಕಿ ಒಳಗ ತುಕ್ಕ ಹಿಡದು ಕೂತಿರ್ತದರಿ. ಟಾಕಿ ಇಳಸಬೇಕು" ಎಂದ ಲಾಲ್ ಅಹ್ಮದ್. "ಗಾಡಿ ಇಲ್ಲಿಗೇ ತರ್ರಿ."

"ಹ್ಯಾಂಗ ತರಲಿ? ಬ್ರೇಕ್ ಹಿಡದು ಗಾಲಿ ತಿರಗವಲ್ಲವು. ನೀವೇ ಬರ್ರಿ. ನಮ್ಮಪ್ಪ ಶೆಡ್ಡಿನಾಗ ಗಾಡಿ ಕೆಳಗ ಇಳಿಯಾಕ ತಗ್ಗ ಮಾಡಿಸಿ ಇಟ್ಟಾನ."

ಒಪ್ಪಬೇಡ ಎಂದು ಜಬೀನಾ ಕಣ್ಣಲ್ಲೇ ಹೇಳಿದಳು. ಮುಚ್ಚಿದ ಶೆಡ್ಡು, ನೆಲದೊಳಗಿನ ತಗ್ಗು, ಪೆಟ್ರೋಲಿನ ಟಾಕಿ. ಲಾಲ್ ಅಹ್ಮದ್ ಅವಳ ಕಡೆ ನೋಡದೆ ಒಪ್ಪಿಕೊಂಡ.

ಜಬೀನಾಳೂ ಜೊತೆಗೆ ಹೊರಟಳು. ಗಂಡ ಹೆಂಡತಿ ಶಹಾಬಾದ್ ಮುಟ್ಟಿದಾಗ ಬಿಸಿಲೇರಿತ್ತು. ಸುರೇಶಕುಮಾರ ಕೆಲಸದ ಮೇಲೆ ಚಿತ್ತಾಪುರಕ್ಕೆ ಹೋಗಿದ್ದರು. ಮನೆಯಲ್ಲಿದ್ದವರು ಭೀಮಬಾಯಿ ಒಬ್ಬರೇ. ಮೊಣಕಾಲು ನೋವಿನ ಮುದುಕಿ ಗೋಡೆ ಹಿಡಿದುಕೊಂಡು ಬಂದು ಶೆಡ್ಡು ತೋರಿಸಿದರು. "ನೀ ಬಂದದ್ದು ಚಲೋ ಆತು ಬೇಟಿ, ಒಬ್ಬಕಿಗೇ ಬ್ಯಾಸರಾಗಿತ್ತು" ಎಂದು ಜಬೀನಾಳ ಕೈ ಹಿಡಿದರು. ಆಮೇಲೆ ಮಂಗಗಳ ಕಾಟವೆಂದು ಹೇಳಿ ಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡರು.

ಶೆಡ್ಡಿಗೆ ಮೂರು ಕಡೆ ಕಲ್ಲಿನ ಗೋಡೆ, ಮೇಲೆ ತಗಡು. ಕಿಟಕಿ ಇರಲಿಲ್ಲ. ಗಾಡಿಯ ಕೆಳಗೆ ಉದ್ದಕ್ಕೆ ಫರ್ಸಿ ಕಟ್ಟಿದ ತಗ್ಗು, ಒಂದು ತುದಿಗೆ ಇಳಿಯಲು ಮೆಟ್ಟಿಲು. ಶೆಡ್ಡಿನಲ್ಲಿ ಕರೆಂಟು ಇರಲಿಲ್ಲವಾದ್ದರಿಂದ ಲಾಲ್ ಅಹ್ಮದ್ ಮನೆಯ ಪಡಸಾಲೆಯ ಬೋರ್ಡಿಗೆ ಪ್ಲಗ್ಗು ಹಾಕಿಸಿ, ಉದ್ದನೆಯ ವೈರನ್ನು ಕಿಟಕಿಯ ಸರಳುಗಳ ನಡುವಿಂದ ಎಳೆದುಕೊಂಡು ಬಂದು, ಅದರ ತುದಿಯ ಬಲ್ಬನ್ನು ತಗ್ಗಿನೊಳಗೆ ಗಾಡಿಯ ಕಬ್ಬಿಣಕ್ಕೆ ನೇತುಹಾಕಿದ. ಹಳದಿ ಬೆಳಕು ಬಿತ್ತು. ಟಾಕಿ ಗಾಡಿಯ ಹಿಂಭಾಗದ ಅಡಿಯಲ್ಲಿ, ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಕೂತಿತ್ತು.

ಕೆಳಗಿನ ಬೋಲ್ಟು ಬಿಚ್ಚಿ, ಅದರಡಿ ಡಬ್ಬಿ ಹಿಡಿದ. ಕಾಕಂಬಿಯಂಥ ಕಂದು ಅಂಟು ಸ್ವಲ್ಪ ಇಳಿದು, ತೊಟ್ಟಿಕ್ಕಿ, ನಿಂತಿತು. ಹಳಸಿದ ಪೆಟ್ರೋಲಿನ ವಾಸನೆ ಮೇಲೆದ್ದಿತು. ಬಣ್ಣದ ಡಬ್ಬಿ ತೆರೆದಿಟ್ಟಂಥ ಹುಳಿ ವಾಸನೆ. ತಗ್ಗಿನ ಅಂಚಿನಲ್ಲಿ ಕೂತಿದ್ದ ಜಬೀನಾ ಸೆರಗನ್ನು ಮೂಗಿಗೆ ಹಿಡಿದಳು. ಸ್ವಲ್ಪ ಹೊತ್ತಿಗೆ ಆ ಹುಳಿಯ ಕೆಳಗೆ ಇನ್ನೊಂದು ವಾಸನೆ ಇದ್ದಂತೆ ಅನಿಸಿತು. ಚುರುಕಾದ, ಪಂಪಿನ ಮುಂದೆ ನಿಂತಾಗ ಬರುವಂಥ ವಾಸನೆ.

"ಅಜಿ, ಹೊಸಾ ಪೆಟ್ರೋಲ್ ವಾಸನಿ ಬರಾಕತ್ತದ" ಎಂದು ಗಂಡನನ್ನು ಕರೆದಳು.

"ಎಲ್ಲಿಂದ ಬರ್ತದ? ಟಾಕಿ ಖಾಲಿ ಅದ, ನೀನೇ ನೋಡಿದೆಲ್ಲ."

"ಬರಾಕತ್ತದರಿ. ಮ್ಯಾಲ ಬರ್ರಿ ಒಂದೀಟು."

ಅವನು ದನಿ ತಗ್ಗಿಸಿದ. "ಜಬೀನಾ, ನಿನಗ ದಿನಾ ಬರ್ತದ. ಅದು ವಾಸನಿ ಅಲ್ಲ, ಅಂಜಿಕಿ. ಮುದುಕಿ ಕೇಳಿಸಿಕೊಂಡ್ರ ಏನ್ ತಿಳಕೊಂಡಾಳ? ಸುಮ್ಮ ಕುಂದ್ರು."

ಅವಳು ಸುಮ್ಮನಾದಳು. ಅವನ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹಿಂದಿನ ದಿನವೂ ಹೀಗೇ ಎದ್ದು ಹೋಗಿ ಏನೂ ಕಾಣದೆ ಬಂದು ಕೂತಿದ್ದಳು. ತನ್ನ ಮೂಗನ್ನು ತಾನೇ ನಂಬದಂತಾಗಿತ್ತು. ಒಮ್ಮೆ ಉಸಿರೆಳೆದರೆ ವಾಸನೆ ಇದೆ, ಮತ್ತೊಮ್ಮೆ ಎಳೆದರೆ ಇಲ್ಲ.

ಆಗ ಕರೆಂಟು ಹೋಯಿತು. ಬಲ್ಬು ಆರಿ, ತಗ್ಗು ಕತ್ತಲಾಯಿತು. ದಿನಾ ಹೋಗುವ ಕರೆಂಟು, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಬಂದ್ರ ತಾನ ಹತ್ತತದ ಬಿಡು" ಎಂದ ಲಾಲ್ ಅಹ್ಮದ್, ಕೈ ಅಳತೆಯಲ್ಲೇ ಪಟ್ಟಿಯ ಬೋಲ್ಟು ತಿರುಗಿಸತೊಡಗಿದ. ಒಂದು ಕಡೆಯ ಪಟ್ಟಿ ಸಡಿಲವಾಯಿತು. ಇನ್ನೊಂದಕ್ಕೆ ಕೈ ಹಾಕಿದ್ದನೋ ಇಲ್ಲವೋ, ಅದು ತುಕ್ಕು ತಿಂದ ಜಾಗದಲ್ಲಿ ತುಂಡಾಗಿ ಟಾಕಿ ಧಡ್ಡನೆ ಒಂದು ಮಗ್ಗುಲಿಗೆ ಬಿತ್ತು. ಗಾಜು ಒಡೆದ ಸದ್ದು. ಆಮೇಲೆ ಕೊಡ ಬಗ್ಗಿಸಿದ ಹಾಗೆ ಏನೋ ಸುರಿಯುವ ಸದ್ದು.

ಖಾಲಿ ಟಾಕಿ ಹಾಗೆ ಬೀಳುವುದಿಲ್ಲ. ಒಳಗಿನ ಗಷ್ಟು ಬೋಲ್ಟಿನ ತೂತನ್ನು ಮುಚ್ಚಿಕೊಂಡು ಪೆಟ್ರೋಲನ್ನು ತಡೆದು ನಿಲ್ಲಿಸಿತ್ತು. ಬಿದ್ದ ಏಟಿಗೆ ಟಾಕಿಯ ಜೋಡಣೆ ಬಾಯಿಬಿಟ್ಟು, ಇದ್ದದ್ದೆಲ್ಲ ತಗ್ಗಿಗೆ ಇಳಿಯುತ್ತಿತ್ತು. ಈಗ ವಾಸನೆಯ ಬಗ್ಗೆ ಸಂಶಯವೇ ಉಳಿಯಲಿಲ್ಲ. ಅದು ಜಬೀನಾಳ ಕಣ್ಣಿನಲ್ಲಿ ನೀರು ತರಿಸಿತು.

"ಅಜಿ."

"ಏನಾಗಿಲ್ಲ. ಅಂಗಿ ತೋಳು ಸಿಕ್ಕದ." ಅವನ ದನಿ ಸಮಾಧಾನದ್ದೇ ಆಗಿತ್ತು. "ಅಂಗಿ ತೊಯ್ದದ, ತಣ್ಣಗ ಹತ್ತಾಕತ್ತದ. ಒಂದೀಟು ತಡಿ, ಬಿಡಿಸಿಕೊಂತೀನಿ."

ಶೆಡ್ಡಿನ ಬಾಯಿಂದ ಬರುವ ಬೆಳಕಿನಲ್ಲಿ ಜಬೀನಾ ಬಗ್ಗಿ ನೋಡಿದಳು. ಟಾಕಿಯ ಅಂಚು ಅವನ ಅಂಗಿಯ ತೋಳನ್ನು ಫರ್ಸಿಗೆ ಒತ್ತಿ ಹಿಡಿದಿತ್ತು. ಅವನ ತಲೆಯ ಪಕ್ಕದಲ್ಲೇ, ಗಾಜಿಲ್ಲದ ಬಲ್ಬಿನ ಬುರುಡೆ ವೈರಿಗೆ ಜೋತು ಅಲ್ಲಾಡುತ್ತಿತ್ತು. ಒಳಗಿನ ಸಣ್ಣ ತಂತಿಗಳು ಬರಿದಾಗಿ ಕಾಣುತ್ತಿದ್ದವು.

ಅವಳಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ವೈರು ಪ್ಲಗ್ಗಿನಲ್ಲಿದೆ. ಬಟನ್ನು ಹಾಕಿದ್ದು ಹಾಕಿದಂತೆಯೇ ಇದೆ. ಕರೆಂಟು ಈಗ ಬರಬಹುದು, ಈ ಉಸಿರಿಗೆ ಬರಬಹುದು. ಬಂದರೆ ಆ ತಂತಿಯಲ್ಲಿ ಕಿಡಿ.

ಓಡಬೇಕೆಂದರೆ ಕಾಲು ಬರಲಿಲ್ಲ. ಇಲ್ಲಿಂದಲೇ ವೈರು ಜಗ್ಗಲೇ ಎಂದುಕೊಂಡಳು. ಜಗ್ಗಿದಾಗಲೇ ಕರೆಂಟು ಬಂದರೆ? ಬುರುಡೆ ಕಬ್ಬಿಣಕ್ಕೆ ಬಡಿದರೆ? ಜಗ್ಗಲಿಲ್ಲ. ಬಾಯಲ್ಲಿ ಅಲ್ಲಾಹನ ಹೆಸರು ಬಿಟ್ಟರೆ ಬೇರೇನೂ ಬರದೆ, ವೈರಿನ ಗುಂಟ ಮನೆಯ ಕಡೆ ಓಡಿದಳು.

ಬಾಗಿಲು ಬಡಿದಳು. "ಆಯಿ, ಬಾಗಲಾ ತೆಗೀರಿ. ಪ್ಲಗ್ ತೆಗೀರಿ ಆಯಿ."

"ಬಂದೆ ಬೇಟಿ, ಬಂದೆ" ಎಂದು ಒಳಗಿನಿಂದ ದನಿ ಬಂತು. ಮಂಚ ಕಿರುಗುಟ್ಟಿತು. ಮುದುಕಿ ಕಾಲು ಎಳೆಯುವ ಸದ್ದು. ಮೊಣಕಾಲು ನೋವಿನ ಭೀಮಬಾಯಿ ಬಂದು ಚಿಲಕ ತೆಗೆಯುವತನಕ ಕರೆಂಟು ಕಾಯುತ್ತದೆಯೇ? ಜಬೀನಾ ಕಿಟಕಿಗೆ ಹೋದಳು. ಸರಳಿನೊಳಗೆ ತೋಳು ತೂರಿಸಿದಳು. ಬೋರ್ಡು ಕಾಣುತ್ತಿತ್ತು, ಪ್ಲಗ್ಗು ಕಾಣುತ್ತಿತ್ತು, ಬೆರಳು ಮುಟ್ಟುತ್ತಿರಲಿಲ್ಲ. ಭುಜ ಸರಳಿಗೆ ಒತ್ತಿ ಚರ್ಮ ಸುಲಿಯಿತು. ಆಗ ಪ್ಲಗ್ಗಿನ ಹತ್ತಿರದ ವೈರನ್ನೇ ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ಬರಲಿಲ್ಲ. ಕಾಲನ್ನು ಗೋಡೆಗೆ ಕೊಟ್ಟು, ಮೈಯ ಭಾರವೆಲ್ಲ ಹಾಕಿ ಜಗ್ಗಿದಳು. ಪ್ಲಗ್ಗು ಕಿತ್ತು ಬಂದು ಸರಳಿಗೆ ಬಡಿಯಿತು, ಅದರ ಜೊತೆಗೆ ಬೋರ್ಡಿನ ಒಂದು ತುಂಡೂ ಬಂತು.

ಪ್ಲಗ್ಗನ್ನು ಕೈಯಲ್ಲಿ ಹಿಡಿದು ಅವಳು ಇನ್ನೂ ಕಿಟಕಿಯಲ್ಲೇ ನಿಂತಿದ್ದಳು. ಪಡಸಾಲೆಯ ಮಾಳಿಗೆಗೆ ಹಾಕಿದ್ದ ಫ್ಯಾನು ಮೆಲ್ಲಗೆ ಅಲ್ಲಾಡಿತು. ಆಮೇಲೆ ತಿರುಗಿತು.

ಪ್ಲಗ್ಗನ್ನು ಅಲ್ಲೇ ಬಿಟ್ಟು ಅವಳು ಶೆಡ್ಡಿಗೆ ಓಡಿದಳು. ಅಷ್ಟರಲ್ಲಿ ಬಾಗಿಲು ತೆರೆದು ಹೊರಬಂದ ಭೀಮಬಾಯಿ ಗೋಡೆ ಹಿಡಿದು ಹಿಂದೆಯೇ ಬಂದರು.

"ಅಜಿ, ಮ್ಯಾಲ ಬರ್ರಿ."

ತಗ್ಗಿನೊಳಗಿಂದ ಬಂದದ್ದು ನಗು. "ಯಾಕ ಒದರ್ತಿ? ಇಲ್ಲಿ ತಂಪ ಅದ. ಭಾಳ ತಂಪ ಅದ." ನಾಲಗೆ ತೊಡರುತ್ತಿತ್ತು. ಎಂದೂ ಒಂದು ತೊಟ್ಟು ಕುಡಿಯದವನ ದನಿ ಕುಡಿದವನ ದನಿಯಂತಾಗಿತ್ತು. ಪೆಟ್ರೋಲಿನ ಆವಿ ಅವನ ತಲೆಗೇರಿದೆ ಎಂದು ಜಬೀನಾಳಿಗೆ ತಿಳಿಯಿತು. ಟಾಕಿ ಬಿದ್ದಾಗ ಆಗಿದ್ದಕ್ಕಿಂತ ಹೆಚ್ಚಿನ ಹೆದರಿಕೆ ಆ ನಗು ಕೇಳಿ ಆಯಿತು.

ಸೆರಗನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಂಡಳು. ಮೆಟ್ಟಿಲ ಮೇಲೆ ನಿಂತಳು. ಕೆಳಗೆ ಕಪ್ಪಗೆ ಹೊಳೆಯುವ ಪೆಟ್ರೋಲು. ಇಳಿದರೆ ತಾನೂ ಅಲ್ಲೇ ಕುಸಿಯಬಹುದು ಎಂದು ಚೆನ್ನಾಗಿ ಗೊತ್ತಿತ್ತು. "ಆಯಿ, ನನ್ನ ಕೈ ಹಿಡೀರಿ. ನಾ ಬಿದ್ರ ಜಗ್ಗಬ್ಯಾಡ್ರಿ, ಮಂದೀನ ಕರೀರಿ" ಎಂದಳು. ಭೀಮಬಾಯಿ ಮೆಟ್ಟಿಲಿನ ಬಾಯಿಗೆ ಕೂತು, ಒಂದು ಕೈಯಲ್ಲಿ ಗಾಡಿಯ ಬಂಪರು ಹಿಡಿದು ಇನ್ನೊಂದು ಕೈ ಚಾಚಿದರು. ಜಬೀನಾ ಉಸಿರು ಹಿಡಿದು ಇಳಿದಳು. ಮುದುಕಿಯ ಕೈ ಬಿಟ್ಟು ಗಂಡನ ಅಂಗಿಗೆ ಕೈ ಹಾಕಿ ಗುಂಡಿಗಳನ್ನು ಹರಿದಳು. ಅವನು ತಡೆಯುತ್ತಿದ್ದ, ನಾಚಿಕೆಯಿಂದ ಎಂಬಂತೆ ಅಂಗಿ ಹಿಡಿದುಕೊಳ್ಳುತ್ತಿದ್ದ. ಅವನ ಕೆನ್ನೆಗೆ ಹೊಡೆದಳು. ಮದುವೆಯಾದಂದಿನಿಂದ ಅವನ ಮೇಲೆ ಎತ್ತದ ಕೈ ಅದು. ಅವನು ಬೆಕ್ಕಸ ಬೆರಗಾಗಿ ಕೈ ಬಿಟ್ಟ. ಅಂಗಿ ಟಾಕಿಯ ಕೆಳಗೆ ಉಳಿಯಿತು, ತೋಳು ಹೊರಗೆ ಬಂತು. ಕಂಕುಳಿಗೆ ಕೈ ಕೊಟ್ಟು ಮೆಟ್ಟಿಲಿಗೆ ದಬ್ಬಿದಳು. ಮೇಲಿನಿಂದ ಭೀಮಬಾಯಿ ಅವನ ಬೆಲ್ಟು ಹಿಡಿದು ಎಳೆದರು.

ಹೊರಗೆ ಬಿಸಿಲಿನಲ್ಲಿ ಇಬ್ಬರೂ ನೆಲಕ್ಕೆ ಬಿದ್ದರು. ಜಬೀನಾ ಎದ್ದು, ಅಂಗಳದ ಹೌದಿನಿಂದ ಕೊಡಗಟ್ಟಲೆ ನೀರು ತಂದು ಗಂಡನ ಮೈಮೇಲೆ ಸುರಿದಳು, ತನ್ನ ಮೇಲೂ ಸುರಿದುಕೊಂಡಳು. ಲಾಲ್ ಅಹ್ಮದ್ ವಾಂತಿ ಮಾಡಿಕೊಂಡ. ಎದೆ ಬೆನ್ನಿನ ಚರ್ಮ ಕೆಂಪಾಗಿತ್ತು. ಕಣ್ಣು ನೆಟ್ಟಗಾದ ಮೇಲೆ ಶೆಡ್ಡಿನ ಕಡೆ ನೋಡಿ, ಹೆಂಡತಿಯ ಕಡೆ ನೋಡಿದ.

"ಬಾಯಿಗೆ ಬಿಸೀದು ಬೇಕು ಇವಗ, ಒಂದೀಟು ಚಾ ಇಡ್ತೀನಿ" ಎಂದು ಭೀಮಬಾಯಿ ಒಳಗೆ ಹೋದರು.

ಅಡುಗೆಮನೆಯ ಗೋಡೆ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಜಬೀನಾ ಒದ್ದೆ ಸೀರೆ ಕಾಲಿಗೆ ತೊಡರಿ ಬಿದ್ದು ಎದ್ದು ಓಡಿ, ಮುದುಕಿಯ ಕೈಯಿಂದ ಲೈಟರು ಕಸಿದುಕೊಂಡಳು. ಆಮೇಲೆ ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ನಡುಗಿದಳು. ಭೀಮಬಾಯಿ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡರು.

ಸುರೇಶಕುಮಾರ ಬಂದಾಗ ಓಣಿಯವರು ಶೆಡ್ಡಿನ ಎದುರಿಗೆ, ದೂರದಲ್ಲಿ ನೆರೆದಿದ್ದರು. ಯಾರೂ ಬೀಡಿ ಹಚ್ಚದಂತೆ ಪಕ್ಕದ ಮನೆಯ ಹಣಮಪ್ಪ ಕಾವಲು ನಿಂತಿದ್ದ. ನಡೆದದ್ದು ಕೇಳಿ ಸುರೇಶಕುಮಾರ ತಲೆಗೆ ಕೈ ಹಚ್ಚಿ ಕೂತರು. ಗಾಡಿ ಶುರುವಾಗುತ್ತದೇನೋ ಎಂದು ಹಿಂದಿನ ವಾರ ಅವರೇ ಒಂದು ಕ್ಯಾನು ಪೆಟ್ರೋಲು ತಂದು ಹಾಕಿದ್ದರು. ಹೇಳುವುದು ಮರೆತಿದ್ದರು.

"ನಂದೇ ತಪ್ಪು ಭಾಯಿ" ಎಂದರು. ಆಮೇಲೆ, "ಆದ್ರ ನಿಮಗ ವಾಸನಿ ಬರಲಿಲ್ಲೇನ್ರಿ? ಅಷ್ಟು ಹೊಸಾ ಪೆಟ್ರೋಲು."

ಲಾಲ್ ಅಹ್ಮದ್ ನೆಲ ನೋಡಿದ. ಜಬೀನಾ ಅವನು ಹೇಳಲಿ ಎಂದು ಕಾದಳು.

"ಇವರಿಗೆ ವಾಸನಿ ಬರಂಗಿಲ್ರಿ ಭಾಯಿಸಾಬ್" ಎಂದಳು ಆಕೆ. "ಕರೋನಾ ಆದಾಗಿಂದ ಇಲ್ಲ. ನನಗ ಬಂದಿತ್ತು. ನಾ ಹೇಳಿದ್ದೆ."

ಓಣಿಯ ಮಂದಿಯೆಲ್ಲ ಕೇಳಿಸಿಕೊಂಡರು. ಗಂಡ ಹೆಂಡತಿ ವಾಡಿಗೆ ವಾಪಸಾದರು. ಊಟಕ್ಕೆ ಕೂತಾಗ ಲಾಲ್ ಅಹ್ಮದ್ ತಟ್ಟೆ ಅವಳ ಕಡೆ ಸರಿಸಿ, "ಸೆರಗ ಕಟಗೊಂಡು ಇಳದೆಲ್ಲ, ನಾನು ಏಳದಿದ್ರ ಏನ್ ಮಾಡತಿದ್ದಿ?" ಎಂದಷ್ಟೇ ಕೇಳಿದ. ಜಬೀನಾ ಅದಕ್ಕೆ ಇನ್ನೊಂದು ರೊಟ್ಟಿ ಹಾಕಿದಳು.

ಟಾಕಿ ಇನ್ನೂ ಗಾಡಿಗೆ ಜೋತುಬಿದ್ದೇ ಇತ್ತು. ಸುರೇಶಕುಮಾರ ಶೆಡ್ಡಿನ ತಗಡು ಬಿಚ್ಚಿಸಿದರು, ತಗ್ಗಿಗೆ ಉಸುಕು ಹಾಕಿಸಿ ತೆಗೆಸಿದರು, ಗಾಳಿಯಾಡಲು ಬಿಟ್ಟರು. ಆಮೇಲೆ ಗಂಡ ಹೆಂಡತಿ ಮತ್ತೆ ಹೋದರು. ಮೇಲೆ ಬಯಲು ಆಕಾಶ, ಬೇಕಾದಷ್ಟು ಬೆಳಕು. ಲಾಲ್ ಅಹ್ಮದ್ ಪಾನಾ ಹಿಡಿದು ಮೊದಲ ಮೆಟ್ಟಿಲಿಗೆ ಬಂದು ನಿಂತ. ನಿಂತೇ ಇದ್ದ. ಹಣೆಯ ಮೇಲೆ ಬೆವರು ಹನಿಗಟ್ಟಿತು.

"ಕಾಲ ಬರವಲ್ದು" ಎಂದ ಮೆಲ್ಲಗೆ. "ಜಬೀನಾ, ನನಗ ಅಂಜಿಕಿ ಬಂದದ."

ಅವಳು ನಗಲಿಲ್ಲ. ಅವನನ್ನು ದಾಟಿ ತಾನೇ ಮೊದಲು ಇಳಿದಳು. ತಗ್ಗಿನ ಈ ತುದಿಯಿಂದ ಆ ತುದಿಗೆ ನಡೆದು, ಬಗ್ಗಿ, ಮೂಲೆ ಮೂಲೆಯ ವಾಸನೆ ನೋಡಿದಳು. ತುಕ್ಕು, ಒದ್ದೆ ಉಸುಕು, ಹಳೆಯ ಗ್ರೀಸು. ಬೇರೇನೂ ಇರಲಿಲ್ಲ. ಆದರೂ ಇನ್ನೊಮ್ಮೆ ನೋಡಿದಳು.

"ಈಗ ಬರ್ರಿ" ಎಂದಳು.

ಅವನು ಬಂದ. ಅವಳು ಟಾಕಿಗೆ ಕೆಳಗಿನಿಂದ ಭುಜ ಕೊಟ್ಟಳು, ಅವನು ಪೈಪು ಬಿಡಿಸಿ ಉಳಿದ ಬೋಲ್ಟು ತೆಗೆದ. ಇಬ್ಬರೂ ಸೇರಿ ಅದನ್ನು ಮೆಟ್ಟಿಲು ಹತ್ತಿಸಿ ಅಂಗಳದ ಬಿಸಿಲಿಗೆ ತಂದಿಟ್ಟರು. ಇದಕ್ಕೆ ನಾನು ವೆಲ್ಡಿಂಗಿನ ಬೆಂಕಿ ಮುಟ್ಟಿಸುವುದಿಲ್ಲ, ಹೊಸದು ಮಾಡಿಸಿರಿ ಎಂದು ಲಾಲ್ ಅಹ್ಮದ್ ಸುರೇಶಕುಮಾರರಿಗೆ ಹೇಳಿದ. ಕಲಬುರಗಿಯಲ್ಲಿ ಹೊಸ ಟಾಕಿ ಮಾಡಿಸಿದರು. ಬುದ್ಧಪೂರ್ಣಿಮೆ ಆಗಲೇ ಮುಗಿದುಹೋಗಿತ್ತು. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಪೂನಮ್ ತಾನೇ ಗಾಡಿ ಓಡಿಸಿಕೊಂಡು ಅಜ್ಜಿಯನ್ನು ಸನ್ನತಿಗೆ ಕರೆದುಕೊಂಡು ಹೋದಳು. ಜಬೀನಾಳನ್ನೂ ಬಾ ಎಂದು ಕರೆದರು. ಹೋದಳು. ಟಾಕಿ ಹಿಂದಿದೆ ಎಂದು ಮುಂದಿನ ಸೀಟಿನಲ್ಲೇ ಕೂತಳು, ದಾರಿಯುದ್ದಕ್ಕೂ ಕಿಟಕಿಯ ಗಾಜು ಏರಿಸಲು ಬಿಡಲಿಲ್ಲ.

ತನಗೆ ವಾಸನೆ ಬರುವುದಿಲ್ಲವೆಂದು ಈಗ ಲಾಲ್ ಅಹ್ಮದ್ ಗಿರಾಕಿಗಳಿಗೆ ತಾನೇ ಮೊದಲು ಹೇಳುತ್ತಾನೆ. ಕೆಲವರು ಬರುವುದು ಬಿಟ್ಟರು. ಉಳಿದವರು ಜಬೀನಾ ಬಂದು ನೋಡಿ ಹ್ಞೂಂ ಎನ್ನುವತನಕ ಕಾಯುವುದನ್ನು ಕಲಿತರು. ಮೊನ್ನೆ ಕೊಡ್ಲಿ ಊರಿನ ಕಡೆಯ ಒಬ್ಬಾತ ಟ್ರ್ಯಾಕ್ಟರಿನ ಟಾಕಿ ತಂದು, ತೂತಾಗಿದೆ, ನಿಂತ ಕಾಲಲ್ಲಿ ವೆಲ್ಡಿಂಗ್ ಮಾಡಿಕೊಡಿ ಎಂದ. ತೊಳೆದಿದ್ದೇನೆ ಎಂದೂ ಹೇಳಿದ. ಜಬೀನಾ ಮೂಗು ಹಚ್ಚಿ ನೋಡಿ, ಇನ್ನೂ ವಾಸನೆ ಇದೆ, ಆಗುವುದಿಲ್ಲ ಎಂದಳು. ಅವನು ಗೊಣಗುತ್ತ ಬೇರೆ ಅಂಗಡಿಗೆ ಒಯ್ದ. ಅವಳು ಅವತ್ತು ಅಡುಗೆ ಮಾಡುವಾಗಲೂ ಎಲ್ಲಿ ಸಿಡಿದ ಸದ್ದು ಕೇಳೀತೋ ಎಂದು ರಸ್ತೆಯ ಕಡೆ ಕಿವಿಯಿಟ್ಟೇ ಇದ್ದಳು. ಸಂಜೆ ಆತ ಬೆಸೆದ ಟಾಕಿಯನ್ನು ಹೆಗಲಿಗೇರಿಸಿಕೊಂಡು ಅದೇ ದಾರಿಯಲ್ಲಿ ಬಂದು, "ಏನೂ ಆಗಲಿಲ್ಲ ನೋಡ್ರಿ ಭಾಬಿ" ಎಂದು ನಕ್ಕ.

"ಚಲೋ ಆತು" ಎಂದಳು ಜಬೀನಾ. ಅವನ ಮೈ ಕೈ ಎಲ್ಲ ಸರಿಯಿದೆಯೇ ಎಂದು ಒಮ್ಮೆ ನೋಡಿ, ಕುಡಿಯಲು ನೀರು ಕೊಟ್ಟಳು.